ನಕ್ಷೆಯ ಮುಂದೆ ಬಂದು ನಿಂತ ಹೆಂಗಸರು

ಹಾಲು ಮಾರುವ ಹೆಂಗಸಿಗೆ ಗೊತ್ತಿರುವಷ್ಟು ಊರಿನ ಸಮಾಚಾರ ಊರ ಯಜಮಾನನಿಗೂ ಗೊತ್ತಿರುವುದಿಲ್ಲ. ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾರ ಮನೆಯ ಒಲೆ ಇವತ್ತು ಹತ್ತಿಲ್ಲ, ಯಾವ ಬಾವಿಯ ತಳ ಕಾಣುತ್ತಿದೆ, ಯಾವ ಹೊಲದವನಿಗೆ ಯಾರ ದನದ ಮೇಲೆ ಸಿಟ್ಟು, ಇದೆಲ್ಲ ಬಾಗಿಲಲ್ಲಿ ನಿಂತು ಹಾಲು ಅಳೆದು ಕೊಡುವಾಗಲೇ ಅವಳ ಕಿವಿಗೆ ಬಿದ್ದಿರುತ್ತದೆ. ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಸಾಹೇಲ್ ಎಂಬ ಒಣಸೀಮೆ ಪಡುವಣ ಕಡಲಿನಿಂದ ಮೂಡಣದವರೆಗೂ ಚಾಚಿಕೊಂಡಿದೆ. ಅಲ್ಲಿ ದನ ಕಾಯುತ್ತ ಅಲೆಯುವ ಎಂಬೊರೊರೊ ಎನ್ನುವ ಜನರಿದ್ದಾರೆ. ಫುಲಾನಿ ಎಂಬ ದೊಡ್ಡ ಸಮುದಾಯದ ಒಂದು ಕವಲು ಅವರು. ದನವನ್ನು ಎತ್ತ ಹೊಡೆಯಬೇಕು, ಯಾವಾಗ ಮಾರಬೇಕು ಎಂಬುದನ್ನು ಗಂಡಸರು ನೋಡಿಕೊಂಡರೆ, ಕರೆದ ಹಾಲು ಹೆಂಗಸರ ಪಾಲು. ಮಕ್ಕಳಿಗೆ ಕುಡಿಸಿ ಉಳಿದದ್ದನ್ನು ಹೆಪ್ಪು ಹಾಕಿ, ಮೊಸರು ಬೆಣ್ಣೆ ಮಾಡಿ, ಚಿತ್ತಾರ ಕೆತ್ತಿದ ಸೋರೆಬುರುಡೆಗಳಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ರೈತರ ಹಳ್ಳಿಗೆ ಹೋಗುತ್ತಾರೆ. ಅಲ್ಲಿಂದ ಬರುವಾಗ ಬುರುಡೆಯಲ್ಲಿ ಸಜ್ಜೆಯೋ ಜೋಳವೋ ಇರುತ್ತದೆ.

ಸಜ್ಜೆ, ಜೋಳ ಅಂದಾಗ ನೆನಪಾಯಿತು, ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಬಿಜಾಪುರದ ಸೀಮೆಯವರು ತಮ್ಮ ಮಣ್ಣಿನಲ್ಲೇ ಹುಟ್ಟಿದ ಬೆಳೆ ಎಂದು ನಂಬಿಕೊಂಡಿರುವ ಜೋಳ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಸಜ್ಜೆಯನ್ನು ಮೊದಲು ಹಸನು ಮಾಡಿ ಬೆಳೆದವರು ಇದೇ ಸಾಹೇಲಿನ ಜನ. ನಮ್ಮ ರಾಗಿಯ ಬೇರೂ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿದೆ. ಮುದ್ದೆ, ರೊಟ್ಟಿ ಉಣ್ಣುವ ನಮಗೆ ಆ ನೆಲದ ಋಣ ಇದೆ. ಅಲ್ಲಿಯ ಹೆಂಗಸೊಬ್ಬಳ ಕತೆ ನಮಗ್ಯಾಕೆ ಎಂದು ಯಾರಾದರೂ ಕೇಳಿದರೆ ನಾನು ತಟ್ಟೆಯನ್ನು ತೋರಿಸುತ್ತೇನೆ.

ಆ ಹೆಂಗಸಿನ ಹೆಸರು ಹಿಂದೂ ಊಮರೂ ಇಬ್ರಾಹಿಂ. ಚಾಡ್ ದೇಶದ ಎಂಬೊರೊರೊ ಮನೆತನದ ಮುಸ್ಲಿಂ ಹೆಣ್ಣುಮಗಳು. ಮುಂದೆ ಇಬ್ರಾಹಿಂ ಎಂದೇ ಕರೆಯುತ್ತೇನೆ. ಹುಟ್ಟಿದ್ದು 1984ರಲ್ಲಿ. ಸಾಹೇಲಿನವರಿಗೆ ಆ ಇಸವಿ ಹೇಳಿದರೆ ಸಾಕು, ಬರಗಾಲ ಕಣ್ಣಿಗೆ ಕಟ್ಟುತ್ತದೆ. ಚಾಡ್, ಕ್ಯಾಮರೂನ್, ನೈಜರ್, ನೈಜೀರಿಯಾ, ಹೀಗೆ ನಾಲ್ಕು ದೇಶಗಳು ಹಂಚಿಕೊಂಡಿರುವ ಚಾಡ್ ಸರೋವರ 1960ರ ದಶಕದಲ್ಲಿ ಸುಮಾರು 25,000 ಚದರ ಕಿಲೋಮೀಟರ್ ಹರಡಿತ್ತು. ಇಪ್ಪತ್ತೈದು ವರ್ಷ ತುಂಬುವುದರೊಳಗೆ ಅದು ಹತ್ತನೇ ಒಂದು ಪಾಲಿಗೆ ಬತ್ತಿತು. ಆಮೇಲೆ ಒಳ್ಳೆಯ ಮಳೆಯ ವರ್ಷಗಳಲ್ಲಿ ಒಂದಿಷ್ಟು ನೀರು ತಿರುಗಿ ಬಂದದ್ದುಂಟು. ಆದರೆ ಅಜ್ಜಿಯ ಕಾಲದ ಕೆರೆ ಮೊಮ್ಮಕ್ಕಳ ಕಾಲಕ್ಕೆ ಉಳಿಯಲಿಲ್ಲ. ನೀರು ಹಿಂದೆ ಸರಿದ ಹಾಗೆಲ್ಲ ಮೀನುಗಾರರು, ರೈತರು, ದನಗಾಹಿಗಳು ಮೂವರೂ ಅದರ ಬೆನ್ನು ಹತ್ತಿ ಒಂದೇ ಕಡೆ ಬಂದು ಸೇರಿದರು. ಅಲ್ಲಿಂದ ಜಗಳ ಶುರುವಾಯಿತು.

ಇಬ್ರಾಹಿಂ ಅವರ ತಾಯಿ ಶಾಲೆಯ ಮುಖ ಕಂಡವರಲ್ಲ. ಆದರೂ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ರಾಜಧಾನಿ ಎನ್‌ಜಮೇನಾದಲ್ಲಿ ಓದಿಸುತ್ತೇನೆಂದು ಹಟ ಹಿಡಿದರು. ನೆಂಟರಿಷ್ಟರು ಮೂಗು ಮುರಿದರು. ದನ ಕಾಯುವ ಕುಲದಲ್ಲಿ ಹುಟ್ಟಿದ ಹುಡುಗಿಗೆ ಅಕ್ಷರ ಯಾಕೆ, ಹೊತ್ತಿಗೆ ಸರಿಯಾಗಿ ಮದುವೆ ಮಾಡಿದರಾಯಿತು ಎಂಬ ಮಾತು ಆ ಸಮಾಜದಲ್ಲಿ ಇವತ್ತಿಗೂ ಕೇಳುತ್ತದೆ. ತಾಯಿ ಬಗ್ಗಲಿಲ್ಲ. ಹಾಗಾಗಿ ಹುಡುಗಿಗೆ ಎರಡು ಪಾಠಶಾಲೆ ಸಿಕ್ಕವು. ತರಗತಿ ನಡೆಯುವ ತಿಂಗಳುಗಳಲ್ಲಿ ಪಟ್ಟಣ, ರಜೆ ಬಂದರೆ ದನದ ಹಟ್ಟಿ. ಪಟ್ಟಣದಲ್ಲಿ ಅಲೆಮಾರಿ ಜನದ ಹುಡುಗಿ ಎಂಬ ತಾತ್ಸಾರ. ಹಟ್ಟಿಗೆ ಬಂದರೆ ಅವಳ ವಾರಗೆಯ ಹುಡುಗಿಯರಿಗೆ ಪುಸ್ತಕವಿಲ್ಲ, ಶಾಲೆಯಿಲ್ಲ, ಕೆಲವರ ಕಂಕುಳಲ್ಲಿ ಆಗಲೇ ಕೂಸು. ತನಗೆ ದಕ್ಕಿದ್ದು ಅವರಿಗೆ ಯಾಕೆ ದಕ್ಕಲಿಲ್ಲ ಎಂಬ ಪ್ರಶ್ನೆ ಆ ಓಡಾಟದಲ್ಲೇ ಹುಟ್ಟಿದ್ದು.

1999ರಲ್ಲಿ, ಇನ್ನೂ ಹದಿನೈದರ ಹುಡುಗಿ, ಚಾಡ್‌ನ ಫುಲಾನಿ ಮಹಿಳೆಯರ ಮತ್ತು ಆದಿವಾಸಿ ಜನರ ಸಂಘವೊಂದನ್ನು ಕಟ್ಟಿದರು. ಫ್ರೆಂಚ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಅದನ್ನು ಆಫ್‌ಪಾಟ್ ಎನ್ನುತ್ತಾರೆ. ಸರಕಾರದ ಪರವಾನಗಿ ಕೈಗೆ ಬಂದದ್ದು 2005ರಲ್ಲಿ. ನಡುವಿನ ಆ ಆರು ವರ್ಷಗಳ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ನನಗೋ ಅವೇ ವರ್ಷಗಳ ಮೇಲೆ ಕಣ್ಣು. ಕಾಗದಪತ್ರವಿಲ್ಲದ, ಕಚೇರಿಯಿಲ್ಲದ ಒಂದು ಸಂಘವನ್ನು ವಯಸ್ಸಿನಲ್ಲಿ ಚಿಕ್ಕವಳಾದ ಹೆಣ್ಣೊಬ್ಬಳು ಎತ್ತಿ ನಿಲ್ಲಿಸಿಕೊಳ್ಳುವುದೆಂದರೆ ಹಟ್ಟಿಯ ಹಿರಿಯರ ಮುಂದೆ ಹೋಗಿ ಕೂತು, ತಲೆ ತಗ್ಗಿಸಿ, ಮಾತು ಮಾತ್ರ ತಗ್ಗಿಸದೆ ಇರುವ ಕೆಲಸ. ಹಿರಿಯರ ಅಪ್ಪಣೆಯಿಲ್ಲದೆ ಹೆಂಗಸರನ್ನು ಒಟ್ಟು ಸೇರಿಸುವುದು ಸಾಧ್ಯವಿರಲಿಲ್ಲ. ಹಕ್ಕು ಎಂದು ಬಾಯಿ ಬಿಟ್ಟರೆ ಆ ಅಪ್ಪಣೆ ಸಿಗುತ್ತಿರಲಿಲ್ಲ.

ಅವರು ಹಿಡಿದ ದಾರಿ ನೀರಿನದು, ಹುಲ್ಲಿನದು. ದನಕ್ಕೆ ಮೇವಿಲ್ಲ, ಹಾಲು ಕಡಿಮೆಯಾಗಿದೆ, ಮಳೆ ಕೈಕೊಡುತ್ತಿದೆ ಎಂದರೆ ಕೇಳದ ಹಿರಿಯ ಯಾರು? ಹಾಲು ಕಡಿಮೆಯಾದರೆ ಮೊದಲು ಖಾಲಿಯಾಗುವುದು ಹೆಂಗಸಿನ ಕೈಯ ದುಡ್ಡು. ನೀರು ದೂರವಾದರೆ ನಡೆಯಬೇಕಾದವಳು ಅವಳು, ಜೊತೆಗೆ ಅವಳ ಮಗಳು. ಮಗಳು ನೀರಿಗೆ ಹೊರಟರೆ ಶಾಲೆ ತಪ್ಪುತ್ತದೆ. ಗಂಡಸು ಕೂಲಿ ಹುಡುಕಿಕೊಂಡು ಪಟ್ಟಣಕ್ಕೆ ಹೋದರೆ ಹಟ್ಟಿಯ ಭಾರವೆಲ್ಲ ಅವಳ ಮೇಲೆ ಬೀಳುತ್ತದೆ, ಆದರೆ ತೀರ್ಮಾನ ಮಾಡುವ ಅಧಿಕಾರ ಬರುವುದಿಲ್ಲ. ಹೀಗೆ ಹುಲ್ಲಿನ ಮಾತು ಎತ್ತಿ ಹೆಣ್ಣಿನ ಮಾತಿಗೆ ಬರುವುದು ಅವರ ಪದ್ಧತಿಯಾಯಿತು. ಇದನ್ನು ಯುಕ್ತಿ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಅಲ್ಲಿಯ ಬದುಕಿನಲ್ಲಿ ಎರಡೂ ಒಂದೇ ಹಗ್ಗದ ಎಳೆಗಳು. ಒಂದನ್ನು ಎಳೆದರೆ ಇನ್ನೊಂದು ಬಂದೇ ಬರುತ್ತದೆ.

ಅವರ ಸಂಘದ ಹೆಸರಿನಲ್ಲಿ ಆದಿವಾಸಿ ಎಂಬ ಮಾತಿದೆಯಲ್ಲ, ಹಾಗಾದರೆ ಆಫ್ರಿಕಾದಲ್ಲಿ ಆದಿವಾಸಿಗಳು ಯಾರು? ಎಲ್ಲರೂ ಅಲ್ಲಿಯವರೇ ಅಲ್ಲವೇ? ಈ ಪ್ರಶ್ನೆಯನ್ನು ಅಲ್ಲಿಯ ಸರಕಾರಗಳೇ ಗಟ್ಟಿಯಾಗಿ ಕೇಳಿದವು. ಆದಿವಾಸಿ ಜನರ ಹಕ್ಕುಗಳ ಘೋಷಣೆ ವಿಶ್ವಸಂಸ್ಥೆಯ ಮುಂದೆ ಬಂದಾಗ 2006ರಲ್ಲಿ ಅದಕ್ಕೆ ತಡೆಯೊಡ್ಡಿದ್ದು ಆಫ್ರಿಕಾದ ದೇಶಗಳ ಗುಂಪು. ದೇಶ ಒಡೆದೀತು ಎಂಬ ಭಯ ಅವರಿಗೆ. ವಸಾಹತು ಆಳ್ವಿಕೆಯವರು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಗಡಿಗಳೊಳಗೆ ಹತ್ತಾರು ಜನಾಂಗಗಳನ್ನು ಕೂಡಿ ಹಾಕಿಕೊಂಡ ದೇಶಗಳಿಗೆ ಆ ಭಯ ಸುಳ್ಳಲ್ಲ. ಕೊನೆಗೆ 2007ರ ಸೆಪ್ಟೆಂಬರ್ 13ರಂದು ಘೋಷಣೆಯ ಪರ 144, ವಿರುದ್ಧ 4 ಮತ ಬಿದ್ದವು. ತಟಸ್ಥರಾದ 11 ದೇಶಗಳಲ್ಲಿ ಕೀನ್ಯಾ, ನೈಜೀರಿಯಾ, ಬುರುಂಡಿ ಇದ್ದವು. ಚಾಡ್ ಆ ದಿನ ಮತ ಹಾಕಲು ಸಭೆಯಲ್ಲೇ ಇರಲಿಲ್ಲ. ಭಾರತ ಪರವಾಗಿ ಮತ ಹಾಕಿತು. ಆದರೆ ಸ್ವಾತಂತ್ರ್ಯಾನಂತರ ನಮ್ಮ ಇಡೀ ಜನತೆಯೇ ಈ ನೆಲದ ಮೂಲಜನ ಎಂಬ ನಿಲುವನ್ನು ನಮ್ಮ ಸರಕಾರವೂ ಬಿಡಲಿಲ್ಲ. ದೂರದ ಆಫ್ರಿಕಾ ಮತ್ತು ದೆಹಲಿ ಈ ಒಂದು ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ದನಿಯಲ್ಲಿ ಮಾತಾಡಿದವು.

ಉತ್ತರ ಸಿಕ್ಕಿದ್ದು ಆಫ್ರಿಕಾದ ಒಳಗಿನಿಂದಲೇ. ಆಫ್ರಿಕಾದ ಮಾನವ ಹಕ್ಕುಗಳ ಆಯೋಗ 2000ದಲ್ಲಿ ಇದಕ್ಕಾಗಿ ಒಂದು ಕಾರ್ಯತಂಡ ನೇಮಿಸಿತು. 2003ರಲ್ಲಿ ಆಯೋಗ ಒಪ್ಪಿದ ವರದಿಯ ಸಾರ ಇಷ್ಟು: ಯಾರು ಮೊದಲು ಬಂದರು ಎಂಬ ಲೆಕ್ಕ ಇಲ್ಲಿ ಮುಖ್ಯವಲ್ಲ. ನೆಲ, ಕಾಡು, ಹುಲ್ಲುಗಾವಲು ಹೋದರೆ ಯಾರ ಬದುಕಿನ ರೀತಿಯೇ ಹೋಗುತ್ತದೋ, ಯಾರನ್ನು ಆಳುವವರು ಹಿಂದುಳಿದವರು ಎಂದು ಬದಿಗೆ ತಳ್ಳಿದ್ದಾರೋ, ಅವರೇ ಆದಿವಾಸಿಗಳು. ಕಾಡಿನ ಬಟ್ವಾ ಜನ, ಕಲಹರಿಯ ಸಾನ್ ಜನ, ಕೀನ್ಯಾದ ಮಸಾಯಿಗಳು, ಸಾಹೇಲಿನ ತುವಾರೆಗ್ ಮತ್ತು ಎಂಬೊರೊರೊಗಳು ಒಂದೇ ಸಾಲಿನಲ್ಲಿ ನಿಂತದ್ದು ಹೀಗೆ. ಈ ವರದಿಯಾದ ಮೇಲೆ ಕೋರ್ಟುಗಳಲ್ಲೂ ಬಾಗಿಲು ತೆರೆಯಿತು. ಕೀನ್ಯಾದ ಬೊಗೋರಿಯಾ ಕೆರೆಯ ಸುತ್ತಲಿಂದ ಎಬ್ಬಿಸಲ್ಪಟ್ಟ ಎಂಡೊರೊಯಿಸ್ ಜನರ ಪರ ಆಯೋಗದ ತೀರ್ಪು 2010ರಲ್ಲಿ ಹೊರಬಿತ್ತು. ಮಾವು ಕಾಡಿನ ಒಗಿಯೆಕ್ ಜನರ ಪರ ಆಫ್ರಿಕಾದ ನ್ಯಾಯಾಲಯ 2017ರಲ್ಲಿ ತೀರ್ಪು ಕೊಟ್ಟಿತು.

ಹೊರಗಿನ ಜಗತ್ತಿಗೆ ಎಂಬೊರೊರೊಗಳ ಗುರುತು ಇರುವುದು ಬೇರೊಂದು ಕಾರಣಕ್ಕೆ. ಅವರಲ್ಲೇ ವೊಡಾಬೆ ಎಂಬ ಒಳಗುಂಪಿನ ಗಂಡಸರು ಮಳೆಗಾಲದ ಕೊನೆಗೆ ಮುಖಕ್ಕೆ ಬಣ್ಣ ಬಳಿದು, ಗರಿ ಸಿಕ್ಕಿಸಿ, ಕಣ್ಣು ಹಲ್ಲು ಹೊಳೆಯಿಸಿ ಹೆಣ್ಣುಗಳ ಮುಂದೆ ಸಾಲಾಗಿ ನಿಂತು ಕುಣಿಯುತ್ತಾರೆ. ಗೆರೆವೊಲ್ ಎನ್ನುತ್ತಾರೆ ಅದನ್ನು. ನುಣುಪು ಕಾಗದದ ಪತ್ರಿಕೆಗಳಲ್ಲಿ ಆ ಚಿತ್ರಗಳನ್ನು ನೀವೂ ನೋಡಿರಬಹುದು. ಚೆಲುವಾದ ಚಿತ್ರಗಳೇ, ತಕರಾರಿಲ್ಲ. ಆದರೆ ಮುಂಜಾನೆ ನಾಲ್ಕಕ್ಕೆ ಎದ್ದು ಹಾಲು ಕಡೆಯುವ ತಾಯಿಯ ಚಿತ್ರ ಆ ಪುಟಗಳಲ್ಲಿ ಬರಲಿಲ್ಲ. ಒಂದು ಜನಾಂಗದ ಬಣ್ಣವನ್ನು ಮೆಚ್ಚಿ ಅದರ ಜ್ಞಾನವನ್ನು ಗಮನಿಸದೆ ಬಿಡುವುದು ಪ್ರಪಂಚದಲ್ಲೆಲ್ಲ ನಡೆದುಕೊಂಡು ಬಂದಿದೆ, ಇದು ನನಗೆ ನೋವಿನ ಸಂಗತಿ.

ಆ ಜ್ಞಾನ ಎಂಥದ್ದು ಎಂಬುದಕ್ಕೆ ಇಬ್ರಾಹಿಂ ಅವರೇ 2019ರ ಟೆಡ್ ಭಾಷಣವೊಂದರಲ್ಲಿ ಹೇಳಿದ ಪ್ರಸಂಗವಿದೆ. ಹವಾಮಾನ ಇಲಾಖೆಯ ತಜ್ಞರೊಬ್ಬರನ್ನು ಹಟ್ಟಿಗೆ ಕರೆಸಿ ಮಾತುಕತೆ ನಡೆದಿತ್ತು. ನೆತ್ತಿಯ ಮೇಲೆ ಬಿಸಿಲು, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಅಷ್ಟರಲ್ಲಿ ಮುದುಕಿಯೊಬ್ಬಳು ಓಡಾಡಿ ಹೊರಗೆ ಹರವಿದ್ದ ಸಾಮಾನುಗಳನ್ನೆಲ್ಲ ಬಾಚಿ ಒಳಗೆ ಹಾಕತೊಡಗಿದಳು. ಏನಜ್ಜಿ ಎಂದರೆ, ಮಳೆ ಬರುತ್ತದೆ ಅಂದಳು. ತಜ್ಞರು ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ಧೋ ಎಂದು ಹೊಯ್ಯಿತು. ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಮುದುಕಿ ಕೊಟ್ಟ ಉತ್ತರ ಸರಳ: ಹುಳುಗಳು ತಮ್ಮ ಮೊಟ್ಟೆಗಳನ್ನು ಗೂಡಿನೊಳಕ್ಕೆ ಸಾಗಿಸುತ್ತಿದ್ದವು. ಇರುವೆ ಮೊಟ್ಟೆ ಹೊತ್ತು ಹೊರಟರೆ ಮಳೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವವರಿಗೆ ಇದು ಹೊಸದಲ್ಲ. ಆ ತಜ್ಞರಿಗೆ ಹೊಸದಾಗಿತ್ತು. ಅಂದಿನಿಂದ ಅವರು ಹಟ್ಟಿಯವರ ಜೊತೆ ಸೇರಿ ಕೆಲಸ ಮಾಡತೊಡಗಿದರು ಎಂದು ಇಬ್ರಾಹಿಂ ಹೇಳುತ್ತಾರೆ.

ಗಾಳಿ ಯಾವ ಕಡೆಯಿಂದ, ಹಕ್ಕಿ ಎತ್ತ ಹೊರಟಿದೆ, ಮರ ಯಾವಾಗ ಹೂ ಬಿಟ್ಟಿತು, ಹಣ್ಣು ಎಷ್ಟು ದಪ್ಪ ಬಂತು, ಹಸು ಹೇಗೆ ನಡೆದುಕೊಳ್ಳುತ್ತಿದೆ, ಇವೆಲ್ಲ ಅಜ್ಜಿಯರ ಪಂಚಾಂಗ. ವರ್ಷಕ್ಕೆ ಸಾವಿರ ಕಿಲೋಮೀಟರ್‌ವರೆಗೂ ನಡೆಯುವ ಜನಕ್ಕೆ ಆ ಪಂಚಾಂಗ ತಪ್ಪಿದರೆ ದನ ಉಳಿಯುವುದಿಲ್ಲ. ಒಂದು ಕಡೆ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲಬಾರದು ಎಂಬ ಕಟ್ಟಳೆಯಿದೆ. ಅಷ್ಟರಲ್ಲಿ ಸಗಣಿ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ, ಹುಲ್ಲು ಬೇರು ಸಹಿತ ಹೋಗುವುದಿಲ್ಲ. ನಮ್ಮ ಕಡೆ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿಸಿಕೊಂಡು ಕುರಿಗಾರನಿಗೆ ಕಾಳು ಕೊಡುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಹೇಲಿನಲ್ಲೂ ರೈತ ಮತ್ತು ದನಗಾಹಿಯ ನಡುವೆ ಅಂಥ ಕೊಡುಕೊಳ್ಳುವಿಕೆ ತಲೆಮಾರುಗಳ ಕಾಲ ನಡೆದಿತ್ತು. ಬೆಳೆ ಕೊಯ್ದ ಮೇಲೆ ದನ ಬರಬೇಕು, ಮುಂಚೆ ಬರಬಾರದು. ಮಳೆಯ ಹೊತ್ತು ಏರುಪೇರಾದಾಗ ದನ ಮುಂಚೆಯೇ ಬಂತು, ಬೆಳೆ ಇನ್ನೂ ನಿಂತಿತ್ತು. ದನ ಹೋಗುತ್ತಿದ್ದ ಹಾದಿಯ ಮೇಲೆಯೇ ಹೊಲವೂ ಬಂದಿತ್ತು. ದಕ್ಷಿಣ ಚಾಡ್‌ನಲ್ಲಿ ಈ ಕಾರಣಕ್ಕೆ ಹೆಣ ಬೀಳುತ್ತವೆ.

ಇಷ್ಟು ಹೇಳಿದ್ದು ಬಾಯ್ಬೊಕುಮ್ ಎಂಬ ಊರಿಗೆ ಬರುವುದಕ್ಕೆ. ಚಾಡ್‌ನ ನೈಋತ್ಯ ಮೂಲೆಯಲ್ಲಿ, ಕ್ಯಾಮರೂನ್ ಮತ್ತು ಮಧ್ಯ ಆಫ್ರಿಕಾ ಗಣರಾಜ್ಯದ ಗಡಿಗಳ ಹತ್ತಿರ ಇರುವ ಊರು. 2013ರ ಸುಮಾರಿಗೆ ಇಬ್ರಾಹಿಂ ಅವರ ಸಂಘ, ಯುನೆಸ್ಕೊ ಮತ್ತು ಆಫ್ರಿಕಾದ ಆದಿವಾಸಿಗಳ ಒಕ್ಕೂಟವೊಂದು ಸೇರಿ ಅಲ್ಲಿ ಒಂದು ನಕ್ಷೆ ಮಾಡಿಸಿದವು. ಗೋಡೆಗೆ ತೂಗುಹಾಕುವ ನಕ್ಷೆಯಲ್ಲ, ಸುತ್ತ ನಿಂತು ಕೈಯಿಟ್ಟು ಮುಟ್ಟಬಹುದಾದ ನಕ್ಷೆ. ಭೂಪಟದಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುತ್ತವಲ್ಲ, ಒಂದೊಂದು ಗೆರೆಗೆ ಒಂದೊಂದು ರಟ್ಟಿನ ಹಾಳೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸುತ್ತ ಹೋಗಬೇಕು. ಗುಡ್ಡ ಏಳುತ್ತದೆ, ಕಣಿವೆ ಇಳಿಯುತ್ತದೆ. ಮೇಲೆ ಗಾರೆಯ ಹಾಗೆ ಮೆತ್ತಿ ಒಣಗಿಸಿದರೆ ಸೀಮೆಯೆಲ್ಲ ಮೇಜಿನ ಮೇಲೆ ಬಿಳಿಯಾಗಿ, ಹೆಸರಿಲ್ಲದೆ ಮಲಗಿರುತ್ತದೆ. ಅಲ್ಲಿಂದ ಮುಂದಿನದು ಊರವರ ಕೆಲಸ. ಕಾಡಿಗೆ, ಹುಲ್ಲಿಗೆ, ಹೊಲಕ್ಕೆ ಬೇರೆ ಬೇರೆ ಬಣ್ಣ. ದನದ ಹಾದಿಗೆ, ಹೊಳೆಗೆ ನೂಲು. ಬಾವಿ, ಸಂತೆ, ಗೋರಿ, ಮದ್ದಿನ ಗಿಡಕ್ಕೆ ಬಣ್ಣಬಣ್ಣದ ತಲೆಯ ಗುಂಡುಸೂಜಿ. ಯಾವುದಕ್ಕೆ ಯಾವ ಗುರುತು ಎಂದು ತೀರ್ಮಾನಿಸುವವರೂ ಅವರೇ. ಓದು ಬರಹ ಬಾರದವರೂ ಅದನ್ನು ಓದುತ್ತಾರೆ. ಯಾಕೆಂದರೆ ಅದು ಅವರು ನಡೆದ ನೆಲ.

ಮೊದಲು ಗಂಡಸರು ಬಂದರು. ತಮಗೆ ಗೊತ್ತಿದ್ದ ಹೊಳೆ, ದಾರಿ, ದೇವರಕಾಡುಗಳನ್ನೆಲ್ಲ ಗುರುತಿಸಿ ಕೆಲಸ ಮುಗಿಯಿತು ಎಂದರು. ಹೆಂಗಸರು ಆಚೆ ಕಡೆ ಕೂತಿದ್ದರು. ಗಂಡಸರು ಮಾತಾಡುವಲ್ಲಿ ಅವರು ಬಾಯಿ ಹಾಕುವಂತಿಲ್ಲ. ಆಮೇಲೆ ಅವರ ಸರದಿ ಬಂತು. ನಕ್ಷೆಯ ಸುತ್ತ ನಿಂತವರೇ ತಲೆಯಾಡಿಸಿದರು. ಇಲ್ಲ, ಇದು ಇಲ್ಲಿಲ್ಲ. ಇಲ್ಲಿ ನಾವು ಮದ್ದು ಕೀಳುತ್ತೇವೆ, ಇಲ್ಲಿ ಹಣ್ಣು ಸೊಪ್ಪು ಸಿಗುತ್ತದೆ, ಅದನ್ನು ನೀವು ಹಾಕಲೇ ಇಲ್ಲ. ಸೂಜಿಗಳು ಎದ್ದವು, ಬೇರೆ ಕಡೆ ಚುಚ್ಚಿಕೊಂಡವು. ಗಂಡಸರು ನೋಡುತ್ತ ನಿಂತರು. ಮುಗಿದಿದೆ ಎಂದುಕೊಂಡಿದ್ದ ನಕ್ಷೆಯಲ್ಲಿ ಅರ್ಧ ಸೀಮೆಯೇ ಇರಲಿಲ್ಲ ಎಂಬುದು ಅವರ ಕಣ್ಣಿಗೇ ಕಂಡಿತು. ಈ ಸಂಗತಿಯನ್ನು ಇಬ್ರಾಹಿಂ ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಎಷ್ಟು ಸಲ ಕೇಳಿದರೂ ನನಗೆ ಬೇಸರ ಬರುವುದಿಲ್ಲ.

ಯಾಕೆಂದರೆ ಹೆಣ್ಣಿನ ಹಕ್ಕಿನ ವಿಚಾರದಲ್ಲಿ ನಾವು ಸಾಮಾನ್ಯವಾಗಿ ಆಡುವ ಮಾತು ಬೇರೆ. ಹೆಂಗಸರಿಗೂ ಒಂದು ಸ್ಥಾನ ಕೊಡಿ, ಸಭೆಗೆ ಕರೆಯಿರಿ, ಕುರ್ಚಿ ಹಾಕಿ ಎನ್ನುತ್ತೇವೆ. ಬಾಯ್ಬೊಕುಮಿನಲ್ಲಿ ಯಾರೂ ಯಾರಿಗೂ ಏನನ್ನೂ ದಯಪಾಲಿಸಲಿಲ್ಲ. ಹೆಂಗಸರಿಲ್ಲದೆ ನಕ್ಷೆಯೇ ಸುಳ್ಳು ಎಂದು ಎಲ್ಲರ ಮುಂದೆ ಸಾಬೀತಾಯಿತು. ಅದರ ಮೇಲೆ ನಡೆದ ಮಾತುಕತೆಯಲ್ಲಿ ದನದ ಹಾದಿ ಎಲ್ಲಿರಬೇಕು, ಯಾವ ನೀರು ಯಾರಿಗೆ ಯಾವ ತಿಂಗಳು ಎಂದು ಚರ್ಚೆ ಎದ್ದಾಗ ಹೆಂಗಸರನ್ನು ಹೊರಗೆ ಕೂರಿಸುವುದು ಕಷ್ಟವಾಯಿತು. ರೈತರ ಕಡೆಯ ಹೆಂಗಸರಿಗೂ ಇವರಿಗೂ ಹಾಲು ಕಾಳಿನ ನಂಟು ಮೊದಲೇ ಇತ್ತಲ್ಲ. ಇಬ್ರಾಹಿಂ ಅವರ ಇಡೀ ವೃತ್ತಿಜೀವನದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ರಟ್ಟಿನ ಗುಡ್ಡ.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇಂಥ ಕೆಲಸ ನಡೆದಿದೆ. ಸೋಲಿಗರು ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ನಕ್ಷೆಗೆ ಏರಿಸಿದರು. 2011ರಲ್ಲಿ ಅವರಿಗೆ ಅರಣ್ಯ ಹಕ್ಕು ಸಿಕ್ಕಾಗ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಒಂದು ಸಮುದಾಯಕ್ಕೆ ಅಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು ಎಂದು ಸುದ್ದಿಯಾಯಿತು. ಚಾಡ್‌ನ ನಕ್ಷೆಯ ಕತೆ ಓದಿದ ಮೇಲೆ ನನಗೆ ಒಂದು ಆಸೆ ಹುಟ್ಟಿದೆ. ಗೆಡ್ಡೆ ಗೆಣಸು, ಸೊಪ್ಪು ಸದೆ ಕೀಳುವ ಸೋಲಿಗ ಅಜ್ಜಿಯರು ಮಾತ್ರ ಸೇರಿ ತಮ್ಮ ಬೆಟ್ಟದ ಇನ್ನೊಂದು ನಕ್ಷೆ ಮಾಡಲಿ, ಅದು ಅರಣ್ಯ ಇಲಾಖೆಯ ಮೇಜಿನ ಮೇಲೆ ಹೋಗಿ ಕೂರಲಿ.

ಇನ್ನು ಇಬ್ರಾಹಿಂ ಅವರ ದೊಡ್ಡ ವೇದಿಕೆಗಳ ಕತೆ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಎಲ್ಲರೂ ಬರೆಯುವುದು ಇದನ್ನೇ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದಲ್ಲಿ ಆದಿವಾಸಿಗಳ ಮಂಟಪದ ಹೊಣೆ ಹೊತ್ತವರಲ್ಲಿ ಅವರೂ ಒಬ್ಬರು. ಅಲ್ಲಿ ಆದ ಒಪ್ಪಂದದ ಏಳನೇ ವಿಧಿಯಲ್ಲಿ ಆದಿವಾಸಿ ಜ್ಞಾನದ ಪ್ರಸ್ತಾಪ ಬಂದಿದೆ. 2016ರ ಏಪ್ರಿಲ್ 22ರಂದು ನ್ಯೂಯಾರ್ಕಿನಲ್ಲಿ ಅದಕ್ಕೆ ಸಹಿ ಬಿದ್ದಾಗ ನಾಗರಿಕ ಸಮಾಜದ ಪರವಾಗಿ ಮಾತಾಡಿದವರು ಇವರೇ. ಒಂದೇ ದಿನ 175 ಸಹಿಗಳು ಬಿದ್ದ ಸಭೆ ಅದು. 2019ರಲ್ಲಿ ಪ್ರಿಟ್ಜ್‌ಕರ್ ಪರಿಸರ ಪ್ರಶಸ್ತಿ, 2021ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದವು. ರೋಲೆಕ್ಸ್ ಪ್ರಶಸ್ತಿಯ ಬಲದಿಂದ ಮಾಯೊ ಕೆಬ್ಬಿ ಪೂರ್ವ ಎಂಬ ಪ್ರಾಂತದಲ್ಲಿ ಮತ್ತೆ ನಕ್ಷೆಯ ಕೆಲಸಕ್ಕೇ ಇಳಿದರು ಎಂಬುದು ನನಗೆ ಪ್ರಶಸ್ತಿಗಿಂತ ಹೆಚ್ಚು ಸಂತೋಷ ಕೊಟ್ಟ ಸುದ್ದಿ. 2024ರಲ್ಲಿ ಆದಿವಾಸಿ ವಿಷಯಗಳಿಗಾಗಿ ಇರುವ ವಿಶ್ವಸಂಸ್ಥೆಯ ಶಾಶ್ವತ ವೇದಿಕೆಗೆ ಅಧ್ಯಕ್ಷರಾದರು. ಅವರಿಗೂ ಮೊದಲು 2017ರಲ್ಲಿ ಅದೇ ಪೀಠದಲ್ಲಿ ಕೂತವರು ಮಾಲಿ ದೇಶದ ತುವಾರೆಗ್ ಹೆಣ್ಣುಮಗಳು, ವೈದ್ಯೆ ಮರಿಯಂ ವಾಲೆತ್ ಅಬೂಬಕ್ರಿನ್. ಮರಳುಗಾಡಿನ ಅಂಚಿನ ಇಬ್ಬರು ಹೆಂಗಸರು ಏಳೆಂಟು ವರ್ಷಗಳ ಅಂತರದಲ್ಲಿ ಪ್ರಪಂಚದ ಆದಿವಾಸಿಗಳ ಸಭೆ ನಡೆಸಿದರು.

ಇಲ್ಲಿ ನನ್ನ ಮನಸ್ಸಿನ ಒಂದು ಅಳುಕನ್ನೂ ಹೇಳಬೇಕು. ಅಜ್ಜಿಯ ಜ್ಞಾನ ಹವಾಮಾನ ಬದಲಾವಣೆಗೆ ಮದ್ದು, ಆದ್ದರಿಂದ ಅಜ್ಜಿಗೆ ಹಕ್ಕು ಕೊಡಿ ಎಂಬ ವಾದ ದೊಡ್ಡ ಸಭೆಗಳಲ್ಲಿ ಚೆನ್ನಾಗಿ ಚಲಾವಣೆಯಾಗುತ್ತದೆ. ಇಬ್ರಾಹಿಂ ಅದನ್ನು ಬಲವಾಗಿ ಬಳಸಿದ್ದಾರೆ, ಬಳಸಿ ಗೆದ್ದಿದ್ದಾರೆ. ಆದರೆ ನಾಳೆ ಯಾವುದೋ ಉಪಗ್ರಹ ಅಜ್ಜಿಗಿಂತ ಚೆನ್ನಾಗಿ ಮಳೆ ಹೇಳಿದರೆ? ಆಗ ಅಜ್ಜಿಯ ಹಕ್ಕು ಏನಾಗಬೇಕು? ಯಾರಿಗೂ ಉಪಯೋಗಕ್ಕೆ ಬಾರದ ಮುದುಕಿಗೂ ಅವಳ ನೆಲದ ಮೇಲೆ, ಅವಳ ದೇಹದ ಮೇಲೆ ಹಕ್ಕು ಇರಲೇಬೇಕು. ಕೀನ್ಯಾದ ಸಂಬೂರು ಸಮುದಾಯದ ರೆಬೆಕಾ ಲೊಲೊಸೊಲಿ 1990ರಲ್ಲಿ ಉಮೋಜಾ ಎಂಬ ಹಳ್ಳಿ ಕಟ್ಟಿದ್ದು ಈ ಇನ್ನೊಂದು ಕಡೆಯಿಂದ. ಅತ್ಯಾಚಾರಕ್ಕೊಳಗಾಗಿ ಗಂಡನ ಮನೆಯಿಂದ ಹೊರದಬ್ಬಿಸಿಕೊಂಡವರು, ಹೊಡೆತ ತಿಂದು ಓಡಿಬಂದವರು, ಒಲ್ಲದ ಮದುವೆಯಿಂದ ತಪ್ಪಿಸಿಕೊಂಡವರು ಅಲ್ಲಿ ಸೇರಿದರು. ಗಂಡಸರಿಗೆ ಆ ಊರಲ್ಲಿ ವಾಸವಿಲ್ಲ. ಮಣಿಸರ ಪೋಣಿಸಿ ಮಾರಿ ಬದುಕಿದರು, ಶಾಲೆ ನಡೆಸಿದರು. ಅವರನ್ನು ಯಾರೂ ಪ್ರಪಂಚ ಉಳಿಸಿ ಎಂದು ಕೇಳಲಿಲ್ಲ. ಅವರು ತಮ್ಮನ್ನು ತಾವು ಉಳಿಸಿಕೊಂಡರು, ಅಷ್ಟೇ ಸಾಕಿತ್ತು. ಇಬ್ರಾಹಿಂ ಹಿರಿಯರನ್ನು ಒಪ್ಪಿಸಿ ಒಳಗಿನಿಂದ ಬದಲಿಸಿದರು, ಲೊಲೊಸೊಲಿ ಬೇಲಿ ಹಾಕಿಕೊಂಡು ಹೊರಗೆ ನಿಂತರು. ಸಂಬೂರುಗಳ ಊರಲ್ಲಿ ಹಿರಿಯರನ್ನು ಒಪ್ಪಿಸುವ ತನಕ ಕಾಯುವಷ್ಟು ವ್ಯವಧಾನ ಆ ಹೆಂಗಸರ ಮೈಗಾಯಗಳಿಗೆ ಇರಲಿಲ್ಲ. ಮಸಾಯಿ ಸಮುದಾಯದ ಲೂಸಿ ಮುಲೆಂಕೆಯಿ ಇನ್ನೊಂದು ಬಗೆ. ರೇಡಿಯೊ ಪತ್ರಕರ್ತೆಯಾಗಿದ್ದು ಆದಿವಾಸಿ ಮಾಹಿತಿ ಜಾಲ ಕಟ್ಟಿ, ಇಬ್ರಾಹಿಂ ತಲೆಮಾರಿನವರು ನಡೆಯುವುದಕ್ಕೆ ಮೊದಲೇ ದಾರಿ ಸವೆಸಿಟ್ಟವರು.

ದುಡ್ಡಿನ ಮಾತು ಬಂದಾಗ ಇಬ್ರಾಹಿಂ ಅವರ ದನಿ ಗಡುಸಾಗುತ್ತದೆ, ಆಗಲೇಬೇಕು. 2021ರಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳೂ ದತ್ತಿ ಸಂಸ್ಥೆಗಳೂ ಸೇರಿ ಆದಿವಾಸಿಗಳ ಭೂಹಕ್ಕಿಗಾಗಿ 170 ಕೋಟಿ ಡಾಲರ್ ಕೊಡುತ್ತೇವೆಂದು ಸಾರಿದವು. ಮರುವರ್ಷ ಆ ದಾನಿಗಳದೇ ವರದಿ ಬಂತು. ಮೊದಲ ವರ್ಷ ಬಿಚ್ಚಿದ ಹಣದಲ್ಲಿ ಆದಿವಾಸಿಗಳ ಸ್ವಂತ ಸಂಘಟನೆಗಳಿಗೆ ನೇರವಾಗಿ ತಲುಪಿದ್ದು ಶೇಕಡಾ 7. ಉಳಿದದ್ದು ನಡುವಿನ ಸಂಸ್ಥೆಗಳ ಮೂಲಕ ಹರಿದದ್ದು. ಹಟ್ಟಿಯ ಹೆಂಗಸರ ಗುಂಪೊಂದು ಅರ್ಜಿ ಹಾಕಬೇಕೆಂದರೆ ಬ್ಯಾಂಕ್ ಖಾತೆ ಬೇಕು, ಲೆಕ್ಕಪರಿಶೋಧನೆ ಬೇಕು, ಫ್ರೆಂಚಿನಲ್ಲೋ ಇಂಗ್ಲಿಷಿನಲ್ಲೋ ಹತ್ತಾರು ಪುಟ ಬೇಕು. ತನ್ನ ಜನರ ಫುಲ್ಫುಲ್ಡೆ ಭಾಷೆ ಮಾತ್ರ ಬಲ್ಲ, ಮೂರು ದಿನಕ್ಕೊಮ್ಮೆ ಬಿಡಾರ ಎತ್ತುವ ಹೆಂಗಸು ಎಲ್ಲಿಂದ ತರಬೇಕು? ಅರ್ಜಿಯ ನಮೂನೆ ಬದಲಾಗಬೇಕೇ ಹೊರತು ಅವಳ ಬದುಕಲ್ಲ. ಇದನ್ನು ದಾನಿಗಳ ಮುಖಕ್ಕೇ ಹೇಳುವ ಆದಿವಾಸಿ ಹೆಂಗಸರ ಸಂಖ್ಯೆ ಇವತ್ತು ಹೆಚ್ಚಿದೆ.

ಕಾನೂನಿನ ಕಡೆಯಲ್ಲೂ ಕೈಗೆ ಒಂದಿಷ್ಟು ಸಲಕರಣೆ ಬಂದಿದೆ. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ಚಾಡ್ ಸರಕಾರ 2015ರಲ್ಲಿ ಆದೇಶ ಹೊರಡಿಸಿ ನಿಷೇಧಿಸಿತು. ಆದರೆ ಬಯಲಿನ ಬಿಡಾರದಲ್ಲಿ ಹುಟ್ಟಿದ ಹುಡುಗಿಗೆ ಜನನ ಪತ್ರವೇ ಇಲ್ಲದಿದ್ದರೆ ಅವಳಿಗೆ ಹದಿನಾಲ್ಕೋ ಹದಿನೆಂಟೋ ಎಂದು ಯಾವ ಅಧಿಕಾರಿ ಹೇಳುತ್ತಾನೆ? ಅದಕ್ಕೇ ಜನನ ಪತ್ರದ ಮಾತು ಅಲ್ಲಿ ಹೆಣ್ಣಿನ ಹಕ್ಕಿನ ಮೊದಲ ಮಾತು. ಇನ್ನೊಂದು, ಮಹಿಳೆಯರ ವಿರುದ್ಧದ ತಾರತಮ್ಯವನ್ನು ತೊಡೆಯುವ ಅಂತರರಾಷ್ಟ್ರೀಯ ಒಪ್ಪಂದದ ಮೇಲ್ವಿಚಾರಣೆ ಮಾಡುವ ಸಮಿತಿ 2022ರ ಅಕ್ಟೋಬರಿನಲ್ಲಿ ತನ್ನ 39ನೇ ಸಾಮಾನ್ಯ ಶಿಫಾರಸನ್ನು ಹೊರಡಿಸಿತು. ಆದಿವಾಸಿ ಹೆಂಗಸರು ಮತ್ತು ಹುಡುಗಿಯರಿಗಾಗಿಯೇ ಬರೆದ ಮೊದಲ ಶಿಫಾರಸು ಅದು. ನೆಲ, ನೀರು, ಭಾಷೆ, ಜ್ಞಾನ, ಹಿಂಸೆಯಿಂದ ರಕ್ಷಣೆ ಎಲ್ಲವೂ ಅದರಲ್ಲಿ ಬಂದಿವೆ. ಚಾಡ್ 1995ರಿಂದ ಆ ಒಪ್ಪಂದಕ್ಕೆ ಬದ್ಧವಾಗಿರುವ ದೇಶ. ತನ್ನ ದೇಶದ ಹೆಂಗಸರ ಸ್ಥಿತಿಯ ಬಗ್ಗೆ ಸಮಿತಿಯ ಮುಂದೆ ಅದು ವರದಿ ಒಪ್ಪಿಸಬೇಕಾಗುತ್ತದೆ. ಹಾಗೆ ಒಪ್ಪಿಸುವಾಗ ಮಹಿಳಾ ಸಂಘಗಳು ತಮ್ಮದೇ ಬೇರೆ ವರದಿ ಕಳಿಸಬಹುದು. ಸರಕಾರದ ವರದಿಯಲ್ಲಿ ಅಲೆಮಾರಿ ಹೆಂಗಸರ ಬಗ್ಗೆ ಎಷ್ಟು ಸಾಲು ಇದೆ ಎಂದು ಮೊದಲು ಎಣಿಸಿ ನೋಡಿ, ಬಿಟ್ಟುಹೋದ ಬಾವಿ, ಹಾದಿ, ಶಾಲೆ, ಹೆರಿಗೆ ಮನೆಗಳನ್ನೆಲ್ಲ ಹೆಸರು ಹಿಡಿದು ಅದರಲ್ಲಿ ಬರೆಯಬಹುದು. ಬರೆಯಲು ಬೇಕಾದ ನಕ್ಷೆ ಅವರ ಕೈಯಲ್ಲಿದೆ.